ಜಿಎಸ್‌ಟಿ ಇಳಿದದ್ದು ಯಾವ ಬ್ಯಾಟರಿಗೆ? ಮನೆಯ ಯುಪಿಎಸ್ ಬ್ಯಾಟರಿಯ ಆಯುಷ್ಯದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. ಬ್ಯಾಟರಿ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು ಎಂಬ ಸುದ್ದಿ ಓದಿದವರಲ್ಲಿ ಹಲವರು, ಮನೆಯ ಯುಪಿಎಸ್‌ಗೆ ಲಿಥಿಯಂ ಬ್ಯಾಟರಿ ಹಾಕಿಸಲು ಇದೇ ಸರಿಯಾದ ಹೊತ್ತು ಎಂದುಕೊಂಡರು. ನಿಜವಾಗಿ ಲಿಥಿಯಂ ಬ್ಯಾಟರಿಯ ತೆರಿಗೆಯಲ್ಲಿ ಆ ದಿನ ಏನೂ ಬದಲಾಗಲಿಲ್ಲ. ತೆರಿಗೆ ಇಳಿದದ್ದು ಹಳೆಯ ಸೀಸ-ಆ್ಯಸಿಡ್ ಬ್ಯಾಟರಿಗೆ.

ಹಾಗಾದರೆ ಈಗ ಯಾವುದನ್ನು ಕೊಳ್ಳಬೇಕು, ಕೊಂಡದ್ದು ಎಷ್ಟು ವರ್ಷ ಬರುತ್ತದೆ? ಇದಕ್ಕೆ ಉತ್ತರ ತೆರಿಗೆಯ ದರದಲ್ಲಾಗಲಿ, ಡಬ್ಬದ ಮೇಲೆ ಮುದ್ರಿಸಿದ ಅಂಕಿಯಲ್ಲಾಗಲಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಕರೆಂಟ್ ಎಷ್ಟು ಸಲ, ಎಷ್ಟು ಹೊತ್ತು ಹೋಗುತ್ತದೆ ಎಂಬುದರಲ್ಲಿದೆ.

ತೆರಿಗೆಯಲ್ಲಿ ನಡೆದದ್ದೇನು?

ಜಿಎಸ್‌ಟಿ ಬಂದ ಹೊಸದರಲ್ಲಿ ಎಲ್ಲ ಬಗೆಯ ಬ್ಯಾಟರಿಗೂ ಶೇ 28 ತೆರಿಗೆಯಿತ್ತು. 2018ರ ಜುಲೈ ಕೊನೆಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಮಾತ್ರ ಶೇ 18ಕ್ಕೆ ಇಳಿಸಲಾಯಿತು. ಅಲ್ಲಿಂದ ಏಳು ವರ್ಷ ಸೀಸದ ಬ್ಯಾಟರಿ ಶೇ 28ರಲ್ಲೇ ಉಳಿಯಿತು. 2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿ ಸಭೆ ಆ ಅಂತರವನ್ನು ತೆಗೆದುಹಾಕಿತು. ಈಗ ಎರಡಕ್ಕೂ ಶೇ 18.

ಇದರ ಪರಿಣಾಮವನ್ನು ಲೆಕ್ಕ ಹಾಕುವಾಗಲೂ ಒಂದು ತಪ್ಪು ನಡೆಯುತ್ತದೆ. ತೆರಿಗೆ ಹತ್ತು ಅಂಶ ಇಳಿಯಿತು ಎಂದರೆ ಬೆಲೆ ಶೇ 10 ಇಳಿಯಿತು ಎಂದಲ್ಲ. ತೆರಿಗೆ ಸೇರಿ 128 ರೂಪಾಯಿ ಇದ್ದದ್ದು 118 ರೂಪಾಯಿ ಆಯಿತು. ಇಳಿಕೆ ಶೇ 7.8. ತೆರಿಗೆ ಸೇರಿ 16,000 ರೂಪಾಯಿ ಇದ್ದ ಟ್ಯೂಬ್ಯುಲರ್ ಬ್ಯಾಟರಿ (ಮನೆಯ ಯುಪಿಎಸ್‌ಗೆ ಬಳಸುವ ಸೀಸದ ಬ್ಯಾಟರಿ), ಮೂಲಬೆಲೆ ಬದಲಾಗದಿದ್ದರೆ, 14,750 ರೂಪಾಯಿಗೆ ಸಿಗಬೇಕು. ಲಿಥಿಯಂ ಬ್ಯಾಟರಿಯ ಬೆಲೆ ಇಳಿದಿದ್ದರೆ ಅದಕ್ಕೆ ಕಾರಣ ಸೆಲ್‌ಗಳ ಮಾರುಕಟ್ಟೆ ದರವೇ ಹೊರತು ತೆರಿಗೆಯಲ್ಲ.

ಆ್ಯಂಪಿಯರ್-ಅವರ್ ಅಂಕಿಯನ್ನು ಹೇಗೆ ಓದಬೇಕು?

ಮನೆಯ ಯುಪಿಎಸ್‌ಗೆ ಹೆಚ್ಚಾಗಿ ಕೂರಿಸುವುದು 12 ವೋಲ್ಟ್, 150 ಎಎಚ್ (ಆ್ಯಂಪಿಯರ್-ಅವರ್) ಟಾಲ್ ಟ್ಯೂಬ್ಯುಲರ್ ಬ್ಯಾಟರಿ. ಅದರ ಬದಲಿಗೆ 100 ಎಎಚ್ ಲಿಥಿಯಂ ಸಾಕು ಎಂದು ಅಂಗಡಿಯವರು ಹೇಳಿದರೆ ಅನುಮಾನಪಡಬೇಕಾಗಿಲ್ಲ, ಆ ಮಾತಿಗೆ ಆಧಾರವಿದೆ.

ಸೀಸದ ಬ್ಯಾಟರಿಯ 150 ಎಎಚ್ ಎಂಬುದನ್ನು ಸಾಮಾನ್ಯವಾಗಿ ‘ಸಿ20’ ಲೆಕ್ಕದಲ್ಲಿ ಅಳೆದಿರುತ್ತಾರೆ. ಎಂದರೆ 7.5 ಆ್ಯಂಪಿಯರ್‌ನಂತೆ ನಿಧಾನವಾಗಿ ಇಪ್ಪತ್ತು ಗಂಟೆ ಎಳೆದಾಗ ಮಾತ್ರ ಅಷ್ಟು ಸಿಗುತ್ತದೆ. ಮನೆಯಲ್ಲಿ ನಾವು ಅಷ್ಟು ನಿಧಾನವಾಗಿ ಎಳೆಯುವುದಿಲ್ಲ. ಎರಡು ಹಳೆಯ ಫ್ಯಾನ್ (ತಲಾ 75 ವ್ಯಾಟ್), 9 ವ್ಯಾಟ್‌ನ ಐದು ಎಲ್‌ಇಡಿ ಬಲ್ಬು, ಒಂದು ವೈಫೈ ರೂಟರ್ ಸೇರಿ ಸುಮಾರು 205 ವ್ಯಾಟ್ ಆಗುತ್ತದೆ. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 250 ವ್ಯಾಟ್, ಅಂದರೆ ಸುಮಾರು 21 ಆ್ಯಂಪಿಯರ್. ಈ ವೇಗದಲ್ಲಿ 150 ಎಎಚ್ ಬ್ಯಾಟರಿ ಕೊಡುವುದು 120 ಎಎಚ್ ಆಸುಪಾಸು. ಅದನ್ನೂ ಪೂರ್ತಿ ಬಸಿದರೆ ಆಯುಷ್ಯ ಕುಗ್ಗುತ್ತದೆ. ಶೇ 60ರಷ್ಟು ಬಳಸಿ ನಿಲ್ಲಿಸಿದರೆ ಮೂರೂವರೆ ಗಂಟೆ ಬ್ಯಾಕಪ್ ಸಿಗುತ್ತದೆ.

ಲಿಥಿಯಂ ಕಬ್ಬಿಣ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಗೆ ಈ ತೊಂದರೆ ಬಹಳ ಕಡಿಮೆ. 12.8 ವೋಲ್ಟ್, 100 ಎಎಚ್ ಎಂದರೆ 1,280 ವ್ಯಾಟ್-ಅವರ್. ಅದರಲ್ಲಿ ಶೇ 90 ಬಳಸಿದರೂ ಹಾನಿಯಿಲ್ಲ. ಅದೇ ಲೋಡಿಗೆ ನಾಲ್ಕೂವರೆ ಗಂಟೆ ಬರುತ್ತದೆ.

ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮುಂಚೆ ಇದೇ ಲೆಕ್ಕದಲ್ಲಿ ಫ್ಯಾನಿನ ಸಾಲನ್ನೂ ಒಮ್ಮೆ ನೋಡಬೇಕು. ಆ ಎರಡು ಹಳೆಯ ಫ್ಯಾನ್‌ಗಳ ಜಾಗದಲ್ಲಿ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಟ್ಟು ಲೋಡ್ 205ರಿಂದ 115 ವ್ಯಾಟ್‌ಗೆ ಇಳಿಯುತ್ತದೆ. ಇರುವ ಬ್ಯಾಟರಿಯೇ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಬರುತ್ತದೆ, ಪ್ರತಿ ಸಲ ಬರಿದಾಗುವ ಆಳವೂ ಅರ್ಧವಾಗುತ್ತದೆ. ಎಷ್ಟೋ ಮನೆಗಳಿಗೆ ಬ್ಯಾಟರಿ ಬದಲಿಸುವುದಕ್ಕಿಂತ ಇದೇ ಒಳ್ಳೆಯ ಖರ್ಚು.

ದುಡಿದು ಸವೆಯುವುದು, ಕೂತು ಸವೆಯುವುದು

ಬ್ಯಾಟರಿ ಎರಡು ಬಗೆಯಲ್ಲಿ ಸವೆಯುತ್ತದೆ. ಒಂದು, ತುಂಬಿ ಬರಿದಾಗುವ ಪ್ರತಿ ಸೈಕಲ್‌ನಲ್ಲೂ ಆಗುವ ಸವೆತ. ಇನ್ನೊಂದು, ಪೂರ್ತಿ ತುಂಬಿ ಚಾರ್ಜರ್‌ಗೆ ಅಂಟಿಕೊಂಡೇ ಕೂತಿರುವಾಗ ಶಾಖ ಮತ್ತು ಕಾಲದಿಂದ ಆಗುವ ಸವೆತ. ಜಾಹೀರಾತುಗಳು ಹೇಳುವ ಸಾವಿರಾರು ಸೈಕಲ್‌ಗಳ ಅಂಕಿ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಹೆಚ್ಚಿನ ಮನೆಗಳಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಎರಡನೆಯದು.

ಒಂದು ನಗರದ ಮನೆ ತೆಗೆದುಕೊಳ್ಳಿ. ವಾರಕ್ಕೆ ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆ ಕರೆಂಟ್ ಹೋಗುತ್ತದೆ ಎನ್ನೋಣ. 250 ವ್ಯಾಟ್‌ನಂತೆ ಒಂದು ಸಲಕ್ಕೆ ಖರ್ಚಾಗುವುದು 125 ವ್ಯಾಟ್-ಅವರ್, ಅಂದರೆ ಬ್ಯಾಟರಿಯ ಶೇ 8ರಿಂದ 9. ವರ್ಷದ 208 ಸಲವನ್ನು ಕೂಡಿಸಿದರೂ ಪೂರ್ತಿ ಸೈಕಲ್ ಲೆಕ್ಕದಲ್ಲಿ ಇಪ್ಪತ್ತನ್ನು ದಾಟುವುದಿಲ್ಲ. ಸಾವಿರ ಸೈಕಲ್ ಮುಗಿಸಲು ಈ ಮನೆಗೆ ಐವತ್ತು ವರ್ಷಕ್ಕೂ ಹೆಚ್ಚು ಬೇಕು! ಬ್ಯಾಟರಿ ಮಾತ್ರ ಐದಾರು ವರ್ಷಕ್ಕೇ ಕೈಕೊಡುತ್ತದೆ, ಏಕೆಂದರೆ ಒಳಗಿನ ಸೀಸದ ಜಾಲರಿ ದಿನವೂ ಸ್ವಲ್ಪ ಸ್ವಲ್ಪವೇ ತುಕ್ಕು ಹಿಡಿಯುತ್ತಿರುತ್ತದೆ, ನೀರು ಆರುತ್ತಿರುತ್ತದೆ. ಇಂಥ ಮನೆಗೆ ‘ಸೈಕಲ್ ಹೆಚ್ಚು’ ಎಂಬ ಕಾರಣಕ್ಕೆ ಲಿಥಿಯಂ ಕೊಳ್ಳುವುದು, ಎಂದೂ ಬಳಸದ ಸಾಮರ್ಥ್ಯಕ್ಕೆ ದುಡ್ಡು ಕೊಟ್ಟಂತೆ.

ಇನ್ನು ಊರಾಚೆಯ ತೋಟದ ಮನೆ. ಕರ್ನಾಟಕದಲ್ಲಿ ‘ನಿರಂತರ ಜ್ಯೋತಿ’ ಯೋಜನೆಯಡಿ ಹಳ್ಳಿಯ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಿದರು. ಆದರೆ ಊರಿಂದ ದೂರವಿದ್ದು ಪಂಪ್‌ಸೆಟ್ ಲೈನಿಗೇ ಸೇರಿಕೊಂಡಿರುವ ಮನೆಗಳಿಗೆ ಅದರ ಪ್ರಯೋಜನವಿಲ್ಲ. ಅಲ್ಲಿ ದಿನಕ್ಕೆ ನಾಲ್ಕು ಗಂಟೆ ಬ್ಯಾಟರಿ ಮೇಲೆ ನಡೆಸಿದರೆ 1,000 ವ್ಯಾಟ್-ಅವರ್ ಖರ್ಚು, ಶೇ 70ರಷ್ಟು ಆಳ. ಮೂರು ವರ್ಷಕ್ಕೆ 1,100 ಸೈಕಲ್. ಇಷ್ಟು ಆಳಕ್ಕೆ ಟ್ಯೂಬ್ಯುಲರ್ ಬ್ಯಾಟರಿ ತಾಳುವುದೂ ಸುಮಾರು ಅಷ್ಟೇ. ಇಲ್ಲಿ ಲಿಥಿಯಂನ ಸೈಕಲ್‌ಗಳು ನಿಜಕ್ಕೂ ಖರ್ಚಾಗುತ್ತವೆ, ಕೊಟ್ಟ ಹೆಚ್ಚುವರಿ ದುಡ್ಡು ಮರಳಿ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಚಾರ್ಜ್ ಆಗಲು ಬೇಕಾದ ಸಮಯ. ಸೀಸದ ಬ್ಯಾಟರಿಯನ್ನು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟ್‌ನಲ್ಲಿ, ಅಂದರೆ 150 ಎಎಚ್‌ಗೆ ಸುಮಾರು 15 ಆ್ಯಂಪಿಯರ್‌ನಲ್ಲಿ ತುಂಬಬೇಕು. ಕೊನೆಯ ಭಾಗ ಇನ್ನೂ ನಿಧಾನ, ಒಟ್ಟು ಹತ್ತು-ಹನ್ನೆರಡು ಗಂಟೆ ಬೇಕು. ಅಷ್ಟು ಹೊತ್ತು ಕರೆಂಟ್ ಇಲ್ಲದ ಕಡೆ ಅದು ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ಇರುತ್ತದೆ. ಬರಿದಾದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ, ಬಿಟ್ಟರೆ ಗಟ್ಟಿ ಹರಳಾಗಿ ಮತ್ತೆ ಕರಗುವುದಿಲ್ಲ. ಹರಳಾದ ಜಾಗ ಕೆಲಸಕ್ಕೆ ಬಾರದು. ‘ಎರಡೇ ವರ್ಷಕ್ಕೆ ಬ್ಯಾಕಪ್ ಅರ್ಧವಾಯಿತು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಎಲ್‌ಎಫ್‌ಪಿ ಬ್ಯಾಟರಿಗೆ ಅರ್ಧ ತುಂಬಿದ ಸ್ಥಿತಿ ಹಿತವೇ. ಸರಿಯಾದ ಚಾರ್ಜರ್ ಇದ್ದರೆ ಮೂರು-ನಾಲ್ಕು ಗಂಟೆಯಲ್ಲಿ ತುಂಬುತ್ತದೆ.

ಮಲೆನಾಡಿನ ಸ್ಥಿತಿ ಈ ಎರಡಕ್ಕೂ ಹೊಂದುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿದ್ದರೆ ಯಾವ ಬಗೆಯ ಬ್ಯಾಟರಿಯೂ ಒಂದೇ ರಾತ್ರಿಗೆ ಮುಗಿಯುತ್ತದೆ. ಅಲ್ಲಿ ಲೋಡ್ ಇಳಿಸುವುದು ಮತ್ತು ಇನ್ವರ್ಟರ್ ಕಟ್ ಆಗುವ ಮೊದಲೇ ಕೈಯಿಂದ ಆಫ್ ಮಾಡುವುದು ಮುಖ್ಯ. ಇನ್ವರ್ಟರ್‌ಗಳು ಸಾಮಾನ್ಯವಾಗಿ 10.5 ವೋಲ್ಟ್ ಆಸುಪಾಸಿಗೆ ಇಳಿದ ಮೇಲೆಯೇ ನಿಲ್ಲುತ್ತವೆ. ಸೀಸದ ಬ್ಯಾಟರಿಗೆ ಅದು ತುಂಬ ಆಳ.

ನೀರು, ಶಾಖ, ಟರ್ಮಿನಲ್

ಟ್ಯೂಬ್ಯುಲರ್ ಬ್ಯಾಟರಿಯ ಆಯುಷ್ಯವನ್ನು ಒಂದೆರಡು ವರ್ಷ ಹಿಗ್ಗಿಸುವುದೂ ಕುಗ್ಗಿಸುವುದೂ ಮನೆಯವರ ಕೈಯಲ್ಲಿದೆ. ಅದರಲ್ಲಿ ಮುಖ್ಯವಾದದ್ದು ನೀರು.

ಬ್ಯಾಟರಿ ತುಂಬುವ ಕೊನೆಯ ಹಂತದಲ್ಲಿ ಒಳಗಿನ ನೀರು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದು ಹೊರಹೋಗುತ್ತದೆ. ಆ್ಯಸಿಡ್ ಒಳಗೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದ್ದು ನೀರು ಮಾತ್ರ. ‘ಸ್ಟ್ರಾಂಗ್ ಆಗಲಿ’ ಎಂದು ಯಾರಾದರೂ ಆ್ಯಸಿಡ್ ಸುರಿಯಲು ಬಂದರೆ ಬಿಡಬಾರದು, ಪ್ಲೇಟು ಬೇಗ ಕೊರೆದುಹೋಗುತ್ತದೆ. ನೀರೂ ಡಿಸ್ಟಿಲ್ಡ್ ವಾಟರೇ ಆಗಬೇಕು. ಬೋರ್‌ವೆಲ್ ನೀರಿನ ಕ್ಲೋರೈಡ್, ಕಬ್ಬಿಣ, ಸುಣ್ಣದಂಶ ಒಳಗೆ ಸೇರಿದರೆ ಮತ್ತೆ ಹೊರಬರುವುದಿಲ್ಲ. ಪ್ರತಿ ಸಲ ತುಂಬಿದಾಗಲೂ ಶೇಖರವಾಗುತ್ತಲೇ ಹೋಗುತ್ತದೆ. ಕುಡಿಯುವ ಆರ್‌ಒ ನೀರು ಶುದ್ಧವೆನಿಸಿದರೂ ಅದರಲ್ಲಿ ಲವಣ ಉಳಿದಿರುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಧೂಳು ಮತ್ತು ಲೋಹದ ಕಣ ಇರುತ್ತವೆ. ಎರಡೂ ಬೇಡ.

ಬ್ಯಾಟರಿಯ ಆರು ಸೆಲ್‌ಗಳಿಗೆ ಆರು ಮುಚ್ಚಳ, ಪ್ರತಿಯೊಂದರಲ್ಲೂ ಒಂದು ತೇಲುಕಡ್ಡಿ. ಕಡ್ಡಿಯ ಹಸಿರು ಗುರುತು ಕಂಡರೆ ನೀರು ಸಾಕಷ್ಟಿದೆ, ಕೆಂಪಿಗೆ ಇಳಿದರೆ ತುಂಬಬೇಕು. ಎರಡು-ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಆರೂ ಕಡ್ಡಿ ನೋಡಿ. ಒಂದೇ ಕಡ್ಡಿ ಉಳಿದವುಗಳಿಗಿಂತ ಬೇಗ ಬೇಗ ಇಳಿಯುತ್ತಿದ್ದರೆ ಆ ಸೆಲ್‌ನಲ್ಲಿ ಏನೋ ದೋಷವಿದೆ. ನೀರು ತುಂಬುವ ಹೊತ್ತಿಗೂ ಒಂದು ಕ್ರಮವಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ತುಂಬಬೇಕು, ಏಕೆಂದರೆ ಚಾರ್ಜ್ ಆಗುವಾಗ ದ್ರವ ಹಿಗ್ಗುತ್ತದೆ. ಬರಿದಾಗಿರುವಾಗ ಹಸಿರಿನವರೆಗೆ ತುಂಬಿದರೆ ಆಮೇಲೆ ಉಕ್ಕಿ ಆ್ಯಸಿಡ್ ಹೊರಚೆಲ್ಲುತ್ತದೆ. ನೀರು ತೀರಾ ಇಳಿದು ಪ್ಲೇಟು ಹೊರಗೆ ಕಂಡಿದ್ದರೆ, ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಚಾರ್ಜ್ ಮುಗಿದ ಮೇಲೆ ಉಳಿದದ್ದನ್ನು ತುಂಬಿ. ಕೈಗವಸು, ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಶಾಖದ ಲೆಕ್ಕ ಕಠೋರವಾದದ್ದು. ನಮ್ಮಲ್ಲಿ ಬ್ಯಾಟರಿಗಳ ಅಳತೆಗೆ ಆಧಾರ 27 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಸುಮಾರು 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಾರಸಿಯ ಮೆಟ್ಟಿಲ ಕೋಣೆಯಲ್ಲಿಟ್ಟ ಬ್ಯಾಟರಿಯೂ, ಬೆಂಗಳೂರಿನಲ್ಲಿ ನೆಲಮಹಡಿಯ ನೆರಳಿನಲ್ಲಿಟ್ಟ ಅದೇ ಬ್ಯಾಟರಿಯೂ ಒಂದೇ ಸಮ ಬಾಳುವುದಿಲ್ಲ. ಲಿಥಿಯಂಗೂ ಶಾಖ ಒಳ್ಳೆಯದಲ್ಲ.

ಬ್ಯಾಟರಿ ಇಡುವ ಜಾಗಕ್ಕೆ ಗಾಳಿಯಾಡಬೇಕು. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಸೇರಿದರೆ ಒಂದು ಕಿಡಿ ಸಾಕು. ಮುಚ್ಚಿದ ಕಪಾಟಿನಲ್ಲಿ, ಅದರಲ್ಲೂ ದೀಪ ಹಚ್ಚುವ ದೇವರ ಮನೆಯ ಮಗ್ಗುಲಿನಲ್ಲಿ ಟ್ಯೂಬ್ಯುಲರ್ ಬ್ಯಾಟರಿ ಇಡಲೇಬಾರದು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಯುಪಿಎಸ್ ಆಫ್ ಮಾಡಿ, ವೈರ್ ಬಿಚ್ಚಿ, ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾದಿಂದ ಒರೆಸಿ. ಆಗ ಆರೂ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗಿಳಿದರೆ ಆ್ಯಸಿಡ್ ಹಾಳು. ಒಣಗಿದ ಮೇಲೆ ನಟ್ಟು ಬಿಗಿ ಮಾಡಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಸಡಿಲ ಟರ್ಮಿನಲ್‌ನಿಂದ ಬ್ಯಾಕಪ್ ಕಡಿಮೆಯಾದಾಗಲೂ ಬ್ಯಾಟರಿ ಹೋಯಿತೆಂದು ತಿಳಿದು ಹೊಸದು ಕೊಳ್ಳುವವರಿದ್ದಾರೆ.

ಬ್ಯಾಟರಿ ನಿಜವಾಗಿ ಹೋಗಿದೆಯೇ?

ಪೂರ್ತಿ ಚಾರ್ಜ್ ಮಾಡಿ, ಯುಪಿಎಸ್‌ನಿಂದ ಬಿಡಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಹೈಡ್ರೋಮೀಟರ್‌ನಿಂದ (ಆ್ಯಸಿಡ್ ದ್ರವದ ಸಾಂದ್ರತೆ ಅಳೆಯುವ ಸಾಧನ) ಆರೂ ಸೆಲ್ ಅಳೆಯಿರಿ. ಮನೆಯ ಟ್ಯೂಬ್ಯುಲರ್‌ಗೆ 1.240 ಆಸುಪಾಸು ಬಂದರೆ ಸರಿ. ಎಲ್ಲ ಸೆಲ್‌ಗಳೂ ಒಂದೇ ಸಮ ಕಡಿಮೆ ತೋರಿಸಿದರೆ ಬ್ಯಾಟರಿಗೆ ಚಾರ್ಜ್ ಸಾಲುತ್ತಿಲ್ಲ, ತಪ್ಪು ಯುಪಿಎಸ್‌ನಲ್ಲಿರಬಹುದು. ಅದರ ಹಿಂಬದಿಯಲ್ಲಿರುವ ಬ್ಯಾಟರಿ ಬಗೆಯ ಸ್ವಿಚ್ ‘ಟ್ಯೂಬ್ಯುಲರ್’ ಎಂಬಲ್ಲೇ ಇದೆಯೇ ನೋಡಿ. ಒಂದೇ ಸೆಲ್ ಉಳಿದವುಗಳಿಗಿಂತ 0.030ಕ್ಕೂ ಹೆಚ್ಚು ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ ಎಂದರ್ಥ.

24 ವೋಲ್ಟ್ ಯುಪಿಎಸ್‌ಗೆ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಒಂದು ಕೆಟ್ಟಾಗ ಒಂದನ್ನೇ ಬದಲಿಸಿದರೆ, ಹಳೆಯದು ಬೇಗ ತುಂಬಿ ಕುದಿಯುತ್ತದೆ, ಹೊಸದು ಪೂರ್ತಿ ತುಂಬದೆ ಉಳಿಯುತ್ತದೆ. ಕೊನೆಗೆ ಎರಡೂ ಹಾಳಾಗುತ್ತವೆ.

ಲಿಥಿಯಂ ಪರ ಇರುವ ವಾದ, ಅದರ ಇನ್ನೊಂದು ಮುಖ

ನೀರು ಹಾಕುವ ಕೆಲಸವಿಲ್ಲ, ಆ್ಯಸಿಡ್ ಹೊಗೆಯಿಲ್ಲ, ತೂಕ ಕಡಿಮೆ, ಚಾರ್ಜ್ ಮಾಡುವಾಗ ವಿದ್ಯುತ್ ಪೋಲಾಗುವುದೂ ಕಡಿಮೆ. ಕಡ್ಡಿ ನೋಡಿ ನೀರು ತುಂಬಲು ಯಾರೂ ಇಲ್ಲದ, ವಯಸ್ಸಾದವರಷ್ಟೇ ಇರುವ ಮನೆಗೆ ಇದೊಂದೇ ಕಾರಣಕ್ಕೆ ಲಿಥಿಯಂ ಕೊಳ್ಳಬಹುದು.

ಆದರೆ ಹಳೆಯ ಯುಪಿಎಸ್‌ಗೆ ಲಿಥಿಯಂ ಬ್ಯಾಟರಿಯನ್ನು ಸುಮ್ಮನೆ ಜೋಡಿಸುವುದು ತಪ್ಪು. ಎಲ್‌ಎಫ್‌ಪಿಯ ನಾಲ್ಕು ಸೆಲ್ ಸೇರಿದ ಪ್ಯಾಕ್‌ಗೆ ಗರಿಷ್ಠ ಮಿತಿ 14.6 ವೋಲ್ಟ್. ಸೀಸದ ಬ್ಯಾಟರಿಗೆಂದು ಮಾಡಿದ ಕೆಲವು ಯುಪಿಎಸ್‌ಗಳು ಸಲ್ಫೇಟ್ ಕರಗಿಸಲು ಆಗಾಗ ಅದಕ್ಕಿಂತ ಮೇಲೆ ಏರುತ್ತವೆ. ಆಗ ಒಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಬ್ಯಾಟರಿಯನ್ನು ಕಡಿದುಬಿಡುತ್ತದೆ. ಕರೆಂಟ್ ಹೋದಾಗ ಮನೆ ಕತ್ತಲಾಗುತ್ತದೆ. ಎಷ್ಟು ಚಾರ್ಜ್ ಉಳಿದಿದೆ ಎಂದು ಯುಪಿಎಸ್ ತೋರಿಸುವ ಅಂಕಿಯೂ ನಂಬಿಕೆಗೆ ಯೋಗ್ಯವಲ್ಲ, ಎಲ್‌ಎಫ್‌ಪಿಯ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ಧಡಕ್ಕನೆ ಬೀಳುತ್ತದೆ. ಲಿಥಿಯಂ ಸೆಟ್ಟಿಂಗ್ ಇರುವ ಯುಪಿಎಸ್ ಬೇಕು. ಅದರ ಬೆಲೆಯನ್ನೂ ಕೂಡಿಸಿಯೇ ಹೋಲಿಸಬೇಕು.

ದುರಸ್ತಿಯ ಮಾತೂ ಇದೆ. ಸೀಸದ ಬ್ಯಾಟರಿ ತಿಳಿದವರು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಲಿಥಿಯಂ ಪ್ಯಾಕ್‌ನಲ್ಲಿ ಸೆಲ್‌ಗಳು ಚೆನ್ನಾಗಿದ್ದು ಬಿಎಂಎಸ್ ಮಾತ್ರ ಕೆಟ್ಟಿದ್ದರೂ ಅದನ್ನು ಬಿಚ್ಚಿ ಸರಿಮಾಡಬಲ್ಲವರು ಕಡಿಮೆ. ಹಳೆಯ ವಾಹನದ ಸೆಲ್‌ಗಳನ್ನು ಆಯ್ದು ಜೋಡಿಸಿದ ಅಗ್ಗದ ಪ್ಯಾಕ್‌ಗಳನ್ನು ಮನೆಯೊಳಗೆ ತರಲೇಬೇಡಿ.

ವಾರಂಟಿ ಕಾರ್ಡಿನಲ್ಲಿ ‘36+24’ ಎಂದಿದ್ದರೆ 60 ತಿಂಗಳು ಉಚಿತ ಎಂದಲ್ಲ. ಮೊದಲ 36 ತಿಂಗಳು ಬದಲಿ ಬ್ಯಾಟರಿ, ನಂತರದ 24 ತಿಂಗಳು ಹೊಸದರ ಮೇಲೆ ರಿಯಾಯಿತಿ. ಆ ರಿಯಾಯಿತಿಯನ್ನು ಎಂಆರ್‌ಪಿ ಮೇಲೆ ಲೆಕ್ಕ ಹಾಕಿದರೆ, ಮಾರುಕಟ್ಟೆ ಬೆಲೆಗೆ ಹೋಲಿಸಿದಾಗ ಉಳಿತಾಯ ಅತ್ಯಲ್ಪ.

ಬೀಗ ಹಾಕಿದ ಮನೆ

ಹೊರದೇಶದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಮನೆಗಳಲ್ಲಿ ಬ್ಯಾಟರಿ ಸಾಯುವುದು ಬಳಸದೆಯೇ. ಮೇನ್ ಸ್ವಿಚ್ ಆಫ್ ಮಾಡಿ ಯುಪಿಎಸ್ ಆನ್ ಬಿಟ್ಟರೆ ಅದು ತಾನು ನಡೆಯಲೆಂದೇ ಬ್ಯಾಟರಿಯನ್ನು ಬಸಿಯುತ್ತದೆ. ಬರಿದಾದ ಸೀಸದ ಬ್ಯಾಟರಿ ತಿಂಗಳುಗಟ್ಟಲೆ ಹಾಗೇ ಇದ್ದರೆ ಮತ್ತೆ ಏಳುವುದಿಲ್ಲ. ಹೊರಡುವ ಮುನ್ನ ಪೂರ್ತಿ ಚಾರ್ಜ್ ಮಾಡಿ, ನೀರು ತುಂಬಿ, ಯುಪಿಎಸ್ ಆಫ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿಡಿ. ಹಾಗಿದ್ದರೂ ತಿಂಗಳಿಗೆ ಕೆಲವು ಶೇಕಡಾ ತಾನಾಗಿ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಯಾರಾದರೂ ಬಂದು ಚಾರ್ಜ್‌ಗೆ ಹಾಕಬೇಕು. ಎಲ್‌ಎಫ್‌ಪಿಯಾದರೆ ಅರ್ಧದಷ್ಟು ಚಾರ್ಜ್ ಇಟ್ಟು ಬಿಚ್ಚಿಡುವುದು ಒಳ್ಳೆಯದು.

ತಾರಸಿಯಲ್ಲಿ ಸೋಲಾರ್ ಹಾಕಿಸಿದವರು ‘ಇನ್ನು ಬ್ಯಾಟರಿ ಬೇಡ’ ಎನ್ನುವುದುಂಟು. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ವ್ಯವಸ್ಥೆ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಬ್ಯಾಕಪ್ ಬೇಕಾದರೆ ಸೋಲಾರ್ ಜೊತೆ ಬ್ಯಾಟರಿಯನ್ನೂ ನಡೆಸಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕೇ ಬೇಕು. ಅಂಥ ಮನೆಯಲ್ಲಿ ಬ್ಯಾಟರಿ ದಿನವೂ ತುಂಬಿ ಬರಿದಾಗುವಂತೆ ನಡೆಸಿದರೆ, ಮೇಲೆ ಹೇಳಿದ ತೋಟದ ಮನೆಯ ಲೆಕ್ಕವೇ ಅನ್ವಯಿಸುತ್ತದೆ.

ಹಳೆಯ ಬ್ಯಾಟರಿ ಎಲ್ಲಿಗೆ?

2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಮನೆಯ ಕಸದ ಜೊತೆ ಸೇರಿಸದೆ ಸಂಗ್ರಹಿಸುವವರಿಗೇ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುವುದರಿಂದ ಅದಕ್ಕೆ ಒಳ್ಳೆಯ ಬೆಲೆಯಿದೆ. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟ್, ನಿಕ್ಕಲ್ ಇಲ್ಲದ ಕಾರಣ ಗುಜರಿ ಬೆಲೆ ಕಡಿಮೆ. ಬೆಲೆ ಹೋಲಿಸುವಾಗ ಈ ಮೊತ್ತವನ್ನೂ ಕಳೆದು ನೋಡಬೇಕು.

ಬೀದಿಯ ಗುಜರಿಯವರಿಗೆ ಕೊಟ್ಟರೆ ಅವರಲ್ಲಿ ಕೆಲವರು ತೂಕ ಇಳಿಸಲು ಆ್ಯಸಿಡನ್ನು ಚರಂಡಿಗೋ ಖಾಲಿ ಸೈಟಿಗೋ ಚೆಲ್ಲುತ್ತಾರೆ. ಅದರ ಜೊತೆ ಹೋಗುವ ಸೀಸ ಮಣ್ಣಿನಲ್ಲಿ ಉಳಿಯುತ್ತದೆ, ಅಲ್ಲಿ ಆಡುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು, ಆ್ಯಸಿಡ್ ಸಮೇತ, ನಿಲ್ಲಿಸಿದ ಭಂಗಿಯಲ್ಲೇ ಒಪ್ಪಿಸಿ. ಬಿಲ್ಲಿನಲ್ಲಿ ಹಳೆಯ ಬ್ಯಾಟರಿಗೆ ಕೊಟ್ಟ ಮೊತ್ತವನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಹೊಸ ಬ್ಯಾಟರಿಯ ಮೇಲೆ ಶೇ 18 ತೆರಿಗೆಯೇ ಹಾಕಿದ್ದಾರೆಯೇ ಎಂಬುದೂ ಆಗ ಅದೇ ಬಿಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.